ಸೈಬರ್ ಸ್ಕ್ವಾಟಿಂಗ್: ಡೊಮೇನ್ ಹೆಸರಿನ ಒತ್ತುವರಿ

ಹೆಸರುವಾಸಿ ಕಂಪನಿಯೊಂದರ ಹೆಸರನ್ನೋ ಅದನ್ನು ಹೋಲುವ ಹೆಸರನ್ನೋ ಡೊಮೇನ್ (ಜಾಲತಾಣದ ವಿಳಾಸ) ಆಗಿ ನೋಂದಾಯಿಸಿಕೊಂಡು, ಆ ಕಂಪನಿಗೇ ದುಬಾರಿ ಬೆಲೆಗೆ ಮಾರುವ ಅಥವಾ ಅದರ ಗಿರಾಕಿಗಳನ್ನು ತನ್ನತ್ತ ಸೆಳೆಯುವ ಹೂಟಕ್ಕೆ ಸೈಬರ್ ಸ್ಕ್ವಾಟಿಂಗ್ ಎನ್ನುತ್ತಾರೆ. 1990ರ ದಶಕದಲ್ಲಿ ಡಾಟ್ ಕಾಮ್ ಹೆಸರುಗಳು ಮೊದಲು ಬಂದವರ ಪಾಲಾಗುತ್ತಿದ್ದವು. ನೋಂದಣಿಯ ಹೊತ್ತಿನಲ್ಲಿ ಹಕ್ಕು ಯಾರದೆಂದು ವಿಚಾರಿಸುವ ಪದ್ಧತಿ ಇರಲಿಲ್ಲ.

ಬಸವೇಶ್ವರ ಖಾನಾವಳಿ ಗದಗಿನಲ್ಲೂ ಇರಬಹುದು, ಮುಂಡರಗಿಯಲ್ಲೂ ಇರಬಹುದು. ಅದೇ ಹೆಸರಿನ ಬಟ್ಟೆ ಅಂಗಡಿ ಲಕ್ಷ್ಮೇಶ್ವರದಲ್ಲಿದ್ದರೂ ಯಾರಿಗೂ ತಕರಾರಿಲ್ಲ. ಡಾಟ್ ಕಾಮ್‌ನಲ್ಲಿ ಮಾತ್ರ ಆ ಹೆಸರು ಇಡೀ ಜಗತ್ತಿಗೆ ಒಬ್ಬರಿಗೇ ಸಿಗುತ್ತದೆ. ಜಗಳದ ಬೇರು ಇರುವುದು ಇಲ್ಲಿ.

1999ರಲ್ಲಿ, ಯಾಹೂ ಕಂಪನಿಗೆ ಸೇರದವರು ನಡೆಸುತ್ತಿದ್ದ 'ಯಾಹೂ ಇಂಡಿಯಾ' ಹೆಸರಿನ ತಾಣಕ್ಕೆ ದೆಹಲಿ ಹೈಕೋರ್ಟ್ ತಡೆ ನೀಡಿತು. ಇಂಟರ್‌ನೆಟ್ ಬಳಸುವವರು ಓದಿದವರು, ಮೋಸಹೋಗುವುದಿಲ್ಲ ಎಂಬ ವಾದ ಅಲ್ಲಿ ನಿಲ್ಲಲಿಲ್ಲ. ಆದರೆ ದೇಶಕ್ಕೆಲ್ಲ ದಾರಿ ತೋರಿಸಿದ ವ್ಯಾಜ್ಯ ಶುರುವಾದದ್ದು ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಲ್ಲಿ. ಇಂಟರ್‌ನೆಟ್ ಕಂಪನಿ ಸತ್ಯಂ ಇನ್ಫೋವೇ ತನ್ನ ಹೆಸರಿನ ತುಣುಕುಗಳಿಂದ 'ಸಿಫಿ' ಎಂಬ ಪದ ಕಟ್ಟಿ, 1999ರಲ್ಲಿ ಡೊಮೇನ್‌ಗಳನ್ನು ಪಡೆದಿತ್ತು. ಸಿಫಿನೆಟ್ ಸಲ್ಯೂಷನ್ಸ್ 2001ರಿಂದ ಅದೇ ಪದವನ್ನು, 'ಎಫ್' ಅಕ್ಷರ ಮಾತ್ರ ಎರಡಾಗಿಸಿ ಬಳಸತೊಡಗಿತು. ಐವರು ಪ್ರವರ್ತಕರ ಹೆಸರಿನ ಮೊದಲಕ್ಷರಗಳು ಕೂಡಿ ಈ ಪದವಾಯಿತು ಎಂಬುದು ಅದರ ಸಮಜಾಯಿಷಿ. ಸೊಗಸಾದ ಕಥೆಯೇ, ಆದರೆ ಸುಪ್ರೀಂ ಕೋರ್ಟ್ ನಂಬಲಿಲ್ಲ.

ಸತ್ಯಂ ಹೂಡಿದ ದಾವೆಯಲ್ಲಿ ಸಿವಿಲ್ ಕೋರ್ಟ್ ತಾತ್ಕಾಲಿಕ ತಡೆಯಾಜ್ಞೆ ಕೊಟ್ಟಿತ್ತು. ಕರ್ನಾಟಕ ಹೈಕೋರ್ಟ್ ಅದನ್ನು ತೆಗೆದುಹಾಕಿತು: ಎರಡೂ ಕಂಪನಿಗಳ ವ್ಯವಹಾರ ಬೇರೆ, ಪ್ರತಿವಾದಿ 50,000 ಸದಸ್ಯರನ್ನು ಕೂಡಿಸಿಕೊಂಡಿದೆ, ತಡೆದರೆ ಅದಕ್ಕೇ ಹೆಚ್ಚು ನಷ್ಟ. 2004ರ ಮೇ 6ರಂದು ಸುಪ್ರೀಂ ಕೋರ್ಟ್ ತಡೆಯಾಜ್ಞೆಯನ್ನು ಮರಳಿ ಜಾರಿಗೆ ತಂದಿತು. ಡೊಮೇನ್ ಬರೀ ವಿಳಾಸವಲ್ಲ, ವ್ಯಾಪಾರದ ಗುರುತೂ ಹೌದು. ಪ್ರತ್ಯೇಕ ಕಾನೂನಿಲ್ಲದಿದ್ದರೂ ಒಬ್ಬರ ಸರಕನ್ನು ಇನ್ನೊಬ್ಬರದೆಂದು ಸಾಗಹಾಕುವುದನ್ನು ತಡೆಯುವ ಟ್ರೇಡ್‌ಮಾರ್ಕ್ ತತ್ವವೇ ಇಲ್ಲಿಗೂ ಸಲ್ಲುತ್ತದೆ ಎಂದು ನ್ಯಾಯಮೂರ್ತಿ ರೂಮಾ ಪಾಲ್ ಬರೆದರು. ಹೈಕೋರ್ಟಿನ ತೂಕದಲ್ಲಿ ಮೊದಲು ಪದ ಕಟ್ಟಿದವನ ನಷ್ಟ ಹಗುರಾಗಿತ್ತು. ಅದನ್ನು ಸರಿಪಡಿಸಿದ್ದೇ ಈ ತೀರ್ಪಿನ ಹೆಚ್ಚುಗಾರಿಕೆ.

ಕೋರ್ಟಿನ ಹೊರಗೂ ದಾರಿಗಳಿವೆ. ಡಾಟ್ ಕಾಮ್ ತಕರಾರುಗಳಿಗೆ ಡೊಮೇನ್ ಹೆಸರುಗಳ ಉಸ್ತುವಾರಿ ಸಂಸ್ಥೆ ಐಕ್ಯಾನ್ 1999ರಲ್ಲಿ ನಿಯಮ ಮಾಡಿತು. ಡಾಟ್ ಇನ್‌ಗೆ ಇಂಥದೇ ವ್ಯವಸ್ಥೆ 2005ರ ಹೊತ್ತಿಗೆ ಬಂತು. ಇವು ಹೆಸರನ್ನು ರದ್ದು ಮಾಡಬಲ್ಲವು, ವರ್ಗಾಯಿಸಬಲ್ಲವು. ಐಕ್ಯಾನ್ ನಿಯಮದಡಿ ನಷ್ಟಪರಿಹಾರ ಸಿಗದು. ಅದು ಬೇಕೆಂದರೆ ದಾವೆಯೇ ಗತಿ. ಟ್ರೇಡ್‌ಮಾರ್ಕ್ ಕಾಯ್ದೆಯ 134ನೇ ಕಲಮಿನಂತೆ ಅಂಥ ದಾವೆ ಜಿಲ್ಲಾ ನ್ಯಾಯಾಲಯಕ್ಕಿಂತ ಕೆಳಗೆ ನಡೆಯುವಂತಿಲ್ಲ. ಹಾಗಾಗಿ ಶಿರಹಟ್ಟಿಯ ವ್ಯಾಪಾರಿ ಅದನ್ನು ತನ್ನ ತಾಲೂಕಿನ ಸಿವಿಲ್ ಕೋರ್ಟಿನಲ್ಲಿ ಹೂಡಲಾರ.