ಭಾಷಾಕಲಿಕೆಯ ಬಗೆಗಿನ ನಂಬಿಕೆಗಳು

ಪರಭಾಷೆ ಯಾರಿಗೆ ಒಲಿಯುತ್ತದೆ, ಎಷ್ಟು ಕಾಲದಲ್ಲಿ ಒಲಿಯುತ್ತದೆ ಎಂಬುದರ ಬಗ್ಗೆ ವಿದ್ಯಾರ್ಥಿಗಳು ಮೊದಲ ಪಾಠಕ್ಕೆ ಬರುವಾಗಲೇ ಒಂದು ತೀರ್ಮಾನ ಮಾಡಿಕೊಂಡಿರುತ್ತಾರೆ. ಸಂಶೋಧಕರು ಇದನ್ನು ಗಮನಿಸಿದ್ದು ತಡವಾಗಿ. 1959ರಲ್ಲಿ ಜಾನ್ ಕ್ಯಾರೊಲ್ ಮತ್ತು ಸ್ಟ್ಯಾನ್ಲಿ ಸೇಪನ್ ಭಾಷೆ ಕಲಿಯುವ ಸಹಜ ಸಾಮರ್ಥ್ಯವನ್ನು ಅಳೆಯುವ ಪರೀಕ್ಷೆಯನ್ನು ಹೊರತಂದರು. ಅದೇ ವರ್ಷ ಗಾರ್ಡ್ನರ್ ಮತ್ತು ಲ್ಯಾಂಬರ್ಟ್, ಮಾಂಟ್ರಿಯಲ್‌ನ ಅಧ್ಯಯನದ ಆಧಾರದಲ್ಲಿ, ಸಾಮರ್ಥ್ಯದಷ್ಟೇ ಕಲಿಯುವ ಆಸೆಯೂ ಮುಖ್ಯವೆಂದರು. ಕಲಿಯುವವರ ನಂಬಿಕೆಗಳನ್ನೇ ಪ್ರತ್ಯೇಕ ವಿಷಯವಾಗಿಸಿದ್ದು 1980ರ ದಶಕದಲ್ಲಿ, ಟೆಕ್ಸಾಸ್ ವಿಶ್ವವಿದ್ಯಾಲಯದ ಎಲೇನ್ ಹಾರ್ವಿಟ್ಸ್. ಅವರ ಪ್ರಶ್ನಾವಳಿಯಲ್ಲಿ 34 ಅಂಶಗಳಿದ್ದವು: ಭಾಷೆ ಕಲಿಯುವ ಶಕ್ತಿ ಕೆಲವರಿಗೆ ಹುಟ್ಟಿನಿಂದ ಬರುತ್ತದೆಯೇ, ತಪ್ಪಿಲ್ಲದೆ ಆಡಲು ಬರುವವರೆಗೆ ಬಾಯಿ ತೆರೆಯಬಾರದೇ, ದಿನಕ್ಕೊಂದು ಗಂಟೆ ಓದಿದರೆ ಸರಾಗವಾಗಿ ಮಾತಾಡಲು ಎಷ್ಟು ವರ್ಷ ಬೇಕು, ಇತ್ಯಾದಿ. ಎರಡೇ ವರ್ಷ ಸಾಕು ಎಂದವರು ಕಡಿಮೆಯೇನಿರಲಿಲ್ಲ.

ಇಂಥ ಉತ್ತರಗಳನ್ನು ಭ್ರಮೆಯ ಪಟ್ಟಿಗೆ ಸೇರಿಸುವುದು ಆರಂಭದ ಬರಹಗಳ ರೂಢಿ. ಅದು ಆತುರದ ತೀರ್ಪು. ಎರಡು ವರ್ಷ ದಿನಕ್ಕೊಂದು ಗಂಟೆಯೆಂದರೆ ಸುಮಾರು 730 ಗಂಟೆ. ಅಮೆರಿಕದ ವಿದೇಶಾಂಗ ಇಲಾಖೆಯ ತರಬೇತಿ ಸಂಸ್ಥೆ ಇಂಗ್ಲಿಷ್ ಭಾಷಿಕರಿಗೆ ಸ್ಪ್ಯಾನಿಷ್ ಕಲಿಸಲು ಹಾಕಿಕೊಂಡಿದ್ದ ಅಂದಾಜು 600ರಿಂದ 750 ತರಗತಿ ಗಂಟೆ, ಜಪಾನಿಗೆ 2,200. ಸ್ಪ್ಯಾನಿಷ್ ಆಯ್ದುಕೊಂಡವನ ಲೆಕ್ಕ ತೀರಾ ದಾರಿ ತಪ್ಪಿಲ್ಲ. ಜಪಾನಿ ಆಯ್ದುಕೊಂಡವನದು ತಪ್ಪಿದೆ. ಆ ಸಂಸ್ಥೆಯಲ್ಲಿ ಕಲಿಯುವವರು ಬೇರೆ ಕೆಲಸವಿಲ್ಲದೆ, ಸಣ್ಣ ತರಗತಿಗಳಲ್ಲಿ ಕೂತು, ಮನೆಯಲ್ಲೂ ಓದುವವರು ಎಂಬ ಆಕ್ಷೇಪ ಸರಿಯೇ. ಹಾಗಿದ್ದರೂ ಯಾವ ಭಾಷೆ, ಯಾರು, ಎಲ್ಲಿ ಎನ್ನುವುದನ್ನು ಬಿಟ್ಟು ನಂಬಿಕೆಯ ಸರಿತಪ್ಪು ಹೇಳಲಾಗದು. ಇಂಥ ನಂಬಿಕೆಗಳ ಕುರಿತು 2003ರಲ್ಲಿ ಕಲಾಯ ಮತ್ತು ಬಾರ್ಸೆಲೊಸ್ ಸಂಪಾದಿಸಿದ ಗ್ರಂಥ ಒತ್ತು ಕೊಟ್ಟಿದ್ದೂ ಈ ಸಂದರ್ಭಕ್ಕೇ. ಪದವಿಗೆ ಕಡ್ಡಾಯವೆಂದು ಫ್ರೆಂಚ್ ಓದುವ ಟೆಕ್ಸಾಸ್ ಹುಡುಗ, ನೌಕರಿಗಾಗಿ ಇಂಗ್ಲಿಷ್ ಕಲಿಯುವ ರಾಯಚೂರಿನ ಹುಡುಗಿ ಒಂದೇ ಪ್ರಶ್ನಾವಳಿ ತುಂಬಿದರೂ ಉತ್ತರಗಳ ತೂಕ ಒಂದೇ ಅಲ್ಲ.

ನಂಬಿಕೆಗಳಿಗೂ ಅಂಕಗಳಿಗೂ ಇರುವ ನಂಟು ಇನ್ನೂ ತೊಡಕಿನದು. ಜಪಾನಿ ಕಲಿಯುವವರ ಬಗ್ಗೆ ಯೊಶಿಕೊ ಮೋರಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಂಬಿಕೆಗೂ ಸಾಧನೆಗೂ ಸಂಬಂಧ ಕಂಡಿತು. ಆದರೆ ಒಳ್ಳೆಯ ಅಂಕ ಬಂದವನಿಗೆ ತನ್ನ ಶಕ್ತಿಯ ಮೇಲೆ ಭರವಸೆ ಹುಟ್ಟುವುದೂ ಸಹಜವಲ್ಲವೇ? ಯಾವುದು ಕಾರಣ, ಯಾವುದು ಫಲ ಎಂಬುದನ್ನು ಒಮ್ಮೆ ತುಂಬಿಸಿದ ಪ್ರಶ್ನಾವಳಿ ಹೇಳದು. ಹಾಗೆಂದು ನಂಬಿಕೆಯನ್ನು ಅಂಕಗಳ ನೆರಳೆಂದು ತಳ್ಳಿಹಾಕುವಂತೆಯೂ ಇಲ್ಲ: ತನಗೆ ಭಾಷೆ ಹತ್ತುವುದಿಲ್ಲವೆಂದು ಮೊದಲೇ ನಿಶ್ಚಯಿಸಿದವನು ತರಗತಿಗೇ ಸೇರದಿದ್ದರೆ, ಅವನ ಅಂಕ ಯಾವ ಅಧ್ಯಯನದ ಲೆಕ್ಕಕ್ಕೂ ಸಿಗುವುದಿಲ್ಲ.