ಬಲಗೈಯ ಅಕ್ಷರ, ಎಡಗೈಯ ಅಂಕಿ

ಹಳಗನ್ನಡ ಕಾವ್ಯಗಳಲ್ಲಿ ಮಗು ಹುಟ್ಟುವುದೆಂದರೆ ದೊಡ್ಡ ಸಂಭ್ರಮ. ತಾಯಿ ಶುಭಸ್ವಪ್ನ ಕಾಣುತ್ತಾಳೆ, ಬಲ್ಲವರು ಅದರ ಫಲ ಹೇಳುತ್ತಾರೆ, ಜನನವಾದೊಡನೆ ಊರಿಗೆ ಊರೇ ತೋರಣ ಕಟ್ಟಿಕೊಳ್ಳುತ್ತದೆ. ಆಮೇಲೆ ಕವಿಗೆ ಏನೋ ಅವಸರ. ತೊದಲ್ನುಡಿಗೆ ಒಂದು ಪದ್ಯ, ತಪ್ಪುಹೆಜ್ಜೆಗೆ ಇನ್ನೊಂದು. ಪುಟ ತಿರುವುವಷ್ಟರಲ್ಲಿ ಹುಡುಗ ಬಿಲ್ಲು ಹಿಡಿದು ನಿಂತಿರುತ್ತಾನೆ. ನಡುವಿನ ಹತ್ತು ಹನ್ನೆರಡು ವರ್ಷಗಳು, ಎಂದರೆ ತಂದೆತಾಯಿಗಳು ದಿನವೂ ಮಗುವಿನ ಎತ್ತರವನ್ನು ಕಣ್ಣಿನಲ್ಲೇ ಅಳೆಯುತ್ತ ಬದುಕುವ ವರ್ಷಗಳು, ಕಾವ್ಯದಿಂದ ಜಾರಿಹೋಗಿರುತ್ತವೆ. ಶಾಸನಗಳನ್ನು ಕೇಳಿದರಂತೂ ಇನ್ನೂ ಕಡಿಮೆ. ಗೆದ್ದದ್ದು, ಕೊಟ್ಟದ್ದು, ಸತ್ತದ್ದು, ಈ ಮೂರಕ್ಕೆ ಕಲ್ಲಿನಲ್ಲಿ ಜಾಗವುಂಟು. ಮಗಳು ಮೊದಲ ಬಾರಿಗೆ ತನ್ನ ಹೆಸರು ಬರೆದಳು ಎಂಬುದಕ್ಕೆ ಯಾರು ಕಲ್ಲು ನಿಲ್ಲಿಸಿಯಾರು?

ಆದರೂ ಒಂದು ಕಡೆ ಅಂಥ ಕಲ್ಲು ನಿಂತಿದೆ ಎಂದು ನನಗನ್ನಿಸುತ್ತದೆ. ಅದು ಒಂಬತ್ತನೆಯ ಶತಮಾನದ ಜಿನಸೇನಾಚಾರ್ಯರ ಸಂಸ್ಕೃತ ಆದಿಪುರಾಣ. ಜಿನಸೇನರು ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನಿಗೆ ಗುರುಸ್ಥಾನದಲ್ಲಿದ್ದವರು. ನೃಪತುಂಗನ ರಾಜಧಾನಿ ಮಾನ್ಯಖೇಟ, ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಕವಿರಾಜಮಾರ್ಗ ಹುಟ್ಟಿದ ಆಸ್ಥಾನವೂ ಅದೇ. ಆದಿಪುರಾಣದ ನಾಯಕ ಮೊದಲ ತೀರ್ಥಂಕರ ವೃಷಭನಾಥ. ಅವನಿಗೆ ಇಬ್ಬರು ಮಡದಿಯರು. ಯಶಸ್ವತಿಯಲ್ಲಿ ಭರತನೂ ಬ್ರಾಹ್ಮಿಯೂ, ಸುನಂದೆಯಲ್ಲಿ ಬಾಹುಬಲಿಯೂ ಸುಂದರಿಯೂ ಹುಟ್ಟುತ್ತಾರೆ. ಭರತ ಬಾಹುಬಲಿಯರನ್ನು ನಾವೆಲ್ಲ ಬಲ್ಲೆವು. ಹೆಣ್ಣುಮಕ್ಕಳಿಬ್ಬರನ್ನು ಬಲ್ಲವರು ಕಡಿಮೆ.

ಒಂದು ದಿನ ಆ ಹುಡುಗಿಯರು ತಂದೆಯ ಬಳಿಗೆ ಬಂದು ನಮಸ್ಕರಿಸುತ್ತಾರೆ. ಅವನು ಅವರನ್ನೆತ್ತಿ ತೊಡೆಯ ಮೇಲೆ ಕೂರಿಸಿಕೊಂಡು, ನೆತ್ತಿಯನ್ನು ಮೂಸಿ, ಸ್ವಲ್ಪ ಹೊತ್ತು ಅವರೊಡನೆ ಆಟವಾಡುತ್ತಾನೆ. ಆಮೇಲೆ ನೋಡುತ್ತಾನೆ: ಮಕ್ಕಳು ಬೆಳೆದಿದ್ದಾರೆ, ಕಲಿಯುವ ವಯಸ್ಸಾಗಿದೆ. ರೂಪಕ್ಕೂ ಶೀಲಕ್ಕೂ ವಿದ್ಯೆ ಸೇರಿದರೆ ನಿಮ್ಮ ಜನ್ಮ ಸಫಲವಾಗುತ್ತದೆ, ಕಲಿತ ಹೆಣ್ಣು ಹೆಣ್ಣುಕುಲದಲ್ಲೇ ಮೊದಲ ಸ್ಥಾನಕ್ಕೆ ಏರುತ್ತಾಳೆ ಎಂಬ ಅರ್ಥದ ಮಾತು ಹೇಳುತ್ತಾನೆ. ಬಳಿಕ ಚಿನ್ನದ ಹಲಗೆಯ ಮೇಲೆ ಶ್ರುತದೇವಿಯನ್ನು ನೆಲೆಗೊಳಿಸಿ, ಬಲಗೈಯಿಂದ ಅಕ್ಷರಗಳನ್ನೂ ಎಡಗೈಯಿಂದ ಅಂಕಿಗಳನ್ನೂ ಬರೆದು ತೋರಿಸುತ್ತಾನೆ. ಅಕ್ಷರ ಬ್ರಾಹ್ಮಿಗೆ, ಅಂಕಿ ಸುಂದರಿಗೆ ಎಂದು ಪರಂಪರೆ ಹಂಚಿಕೊಟ್ಟಿದೆ. ಬಿಡಿ, ಹತ್ತು, ನೂರು ಎಂದು ಸ್ಥಾನಗಳನ್ನು ಬಲದಿಂದ ಎಡಕ್ಕೆ ಎಣಿಸುತ್ತೇವಲ್ಲ, ಅದು ಎಡದೊಡೆಯ ಮೇಲೆ ಕುಳಿತ ಮಗಳಿಗೆ ಎಡಗೈಯಲ್ಲಿ ಕಲಿಸಿದ್ದರಿಂದ ಎಂದು ಹೇಳುವವರೂ ಇದ್ದಾರೆ. ನಂಬಬೇಕಾಗಿಲ್ಲ, ಆದರೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಬರೆಯಿಸಿದವರೇ ಇಂಥ ಕಾರಣವನ್ನು ಊಹಿಸಬಲ್ಲರು.

ಅವನು ಕಲಿಸಿದ ವರ್ಣಮಾಲೆ ಆರಂಭವಾಗುವುದು 'ಸಿದ್ಧಂ ನಮಃ' ಎಂಬ ಮಂಗಳದಿಂದ. ಈ ಎರಡು ಪದಗಳ ಆಯುಷ್ಯ ದೊಡ್ಡದು. ಹೈದರಾಬಾದಿನ ಗೆಳೆಯರು ನೆರೆಮನೆಯ ತೆಲುಗರನ್ನು ಕೇಳಿ ನೋಡಲಿ, ವರ್ಣಮಾಲೆಗೆ ಅಲ್ಲಿ ಇಂದಿಗೂ 'ಓನಮಾಲು' ಎಂಬ ಹೆಸರಿದೆ. ದೆಹಲಿಯ ಕಡೆಯ ಹಿರಿಯರ ಬಾಯಲ್ಲಿ ಅಕ್ಷರಾರಂಭಕ್ಕೆ 'ಓನಾಮಾಸೀಧಮ್' ಎಂಬ ಮಾತಿದೆ; ಅದು 'ಓಂ ನಮಃ ಸಿದ್ಧಂ' ಎಂಬುದೇ ಮಕ್ಕಳ ನಾಲಗೆಯಲ್ಲಿ ಸವೆದು ಉಳಿದ ರೂಪ. ಅರ್ಥ ತಿಳಿಯದೆ, ಮತ ಕೇಳದೆ, ಸಾವಿರಾರು ತಂದೆತಾಯಿಗಳು ಈ ಮಾತನ್ನು ಮಕ್ಕಳಿಗೆ ದಾಟಿಸಿದ್ದಾರೆ.

ಇದು ಇತಿಹಾಸವಲ್ಲ ಎಂದು ಯಾರಾದರೂ ತಡೆದರೆ ಅವರ ಮಾತು ಸರಿ. ಅಶೋಕನ ಶಾಸನಗಳು ಕ್ರಿಸ್ತಪೂರ್ವ ಮೂರನೆಯ ಶತಮಾನದವು. ಮಸ್ಕಿಯಲ್ಲೂ ಬ್ರಹ್ಮಗಿರಿಯಲ್ಲೂ ಬಂಡೆಯ ಮೇಲೆ ಇರುವುದು ಬ್ರಾಹ್ಮೀ ಲಿಪಿ. ಜಿನಸೇನರು ಬರೆದದ್ದು ಅದಕ್ಕಿಂತ ಸಾವಿರ ವರ್ಷ ಈಚೆಗೆ. ಲಿಪಿಗೆ ಆ ಹೆಸರು ಮೊದಲೇ ಇತ್ತು, ಹೆಸರಿಗೆ ತಕ್ಕ ಮಗಳನ್ನು ಕಥೆ ಹುಡುಕಿಕೊಂಡಿತು ಎನ್ನುವುದೇ ವಿವೇಕ. ಆದರೆ ಕಥೆ ಕಟ್ಟಿದವರ ಮನಸ್ಸೂ ಇತಿಹಾಸದ ವಸ್ತುವೇ ತಾನೇ? ಲಿಪಿಯ ಹುಟ್ಟನ್ನು ಒಬ್ಬ ಋಷಿಯ ತಪಸ್ಸಿಗೋ ದೇವರ ವರಕ್ಕೋ ಒಪ್ಪಿಸಿಬಿಡಬಹುದಿತ್ತು. ಇವರು ಅದನ್ನು ತಂದೆಯೊಬ್ಬನ ತೊಡೆಗೆ ಒಪ್ಪಿಸಿದರು. ಅದೂ ಗಂಡುಮಕ್ಕಳಿಗಿಂತ ಮೊದಲು. ಆದಿಪುರಾಣದಲ್ಲಿ ಹೆಣ್ಣುಮಕ್ಕಳು ಅಕ್ಷರ, ಗಣಿತ, ವ್ಯಾಕರಣ, ಛಂದಸ್ಸು, ಅಲಂಕಾರಗಳನ್ನು ಕಲಿತ ಮೇಲೆಯೇ ಗಂಡುಮಕ್ಕಳ ಸರದಿ ಬರುತ್ತದೆ. ಭರತನಿಗೆ ಅರ್ಥಶಾಸ್ತ್ರ ಮತ್ತು ನಾಟ್ಯ, ವೃಷಭಸೇನನಿಗೆ ಸಂಗೀತ, ಅನಂತವಿಜಯನಿಗೆ ಚಿತ್ರಕಲೆ, ಬಾಹುಬಲಿಗೆ ಆಯುರ್ವೇದ, ಧನುರ್ವೇದ ಮುಂತಾದವು. ಯಾರಿಗೆ ಯಾವುದರ ಕಡೆ ಒಲವು ಎಂದು ನೋಡಿ ಹಂಚಿದಂತಿದೆ. ಸಾಲಿನಲ್ಲಿ ನಿಲ್ಲಿಸಿ ಎಲ್ಲರಿಗೂ ಒಂದೇ ಪ್ರವೇಶ ಪರೀಕ್ಷೆ ಬರೆಯಿಸುವ ನಮ್ಮ ಕಾಲದ ತಂದೆತಾಯಿಗಳಿಗೆ ಈ ಪಟ್ಟಿ ತುಸು ಮುಜುಗರ ತಂದರೆ ಆಶ್ಚರ್ಯವಿಲ್ಲ. ನನಗಂತೂ ತಂದಿದೆ.

ಈ ಪ್ರಸಂಗವನ್ನು ಕನ್ನಡಕ್ಕೆ ತಂದವನು ಪಂಪ, 941ರ ತನ್ನ ಆದಿಪುರಾಣದಲ್ಲಿ. ಪಂಪ ಎಲ್ಲಿಯವನು ಎಂಬ ಪ್ರಶ್ನೆಗೆ ನಮ್ಮಂಥ ಹೊರನಾಡಿಗರು ತುಸು ನಿಂತು ಉತ್ತರಿಸಬೇಕು. ಅವನ ವಂಶದ ಮೂಲ ವೆಂಗಿನಾಡು. ಆಶ್ರಯ ಕೊಟ್ಟ ಅರಿಕೇಸರಿಯ ವೇಮುಲವಾಡ ಇಂದಿನ ತೆಲಂಗಾಣದಲ್ಲಿದೆ. ಅಲ್ಲಿಗೆ ಹತ್ತಿರದ ಕುರ್ಕ್ಯಾಲದ ಬೊಮ್ಮಲಗುಟ್ಟದಲ್ಲಿ ಪಂಪನ ತಮ್ಮ ಜಿನವಲ್ಲಭ ಕೊರೆಯಿಸಿದ ಶಾಸನ ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲೂ ಇದೆ. ಎಂದರೆ ಆ ಮನೆಯ ಮಕ್ಕಳು ಕನಿಷ್ಠ ಮೂರು ಭಾಷೆಗಳ ನಡುವೆ ಬೆಳೆದವರು. ಅಂದು ಇಂದಿನ ಗಡಿಗಳಿರಲಿಲ್ಲ, ಹೊರನಾಡು ಎಂಬ ಮಾತನ್ನು ಅವನ ಮೇಲೆ ಹೊರಿಸುವುದು ತಪ್ಪು. ಆದರೂ ಮೂರು ಭಾಷೆಗಳ ಮನೆಯಲ್ಲಿ ಬೆಳೆದ ಹುಡುಗನೊಬ್ಬ ಕನ್ನಡದ ಆದಿಕವಿಯಾದ ಎಂಬುದನ್ನು ನಾನು ಆಗಾಗ ನೆನೆದುಕೊಳ್ಳುತ್ತೇನೆ. ಅದಕ್ಕೆ ಕಾರಣ ಸಾಹಿತ್ಯವಲ್ಲ, ಮನೆ.

ದೆಹಲಿಯಲ್ಲಿ ಹುಟ್ಟಿದ ನನ್ನ ಮಗಳು ಚೆನ್ನಾಗಿ ಕನ್ನಡ ಮಾತಾಡುತ್ತಾಳೆ. ಶಾಲೆಯಲ್ಲಿ ಹಿಂದಿ, ಇಂಗ್ಲಿಷ್. ಕನ್ನಡದ ಅಕ್ಷರ ಕಲಿಸುವ ಕೆಲಸ ನನ್ನದು. ಕಚೇರಿಯಿಂದ ಬಂದ ಮೇಲೆ ಕಲಿಸೋಣ, ವಾರದ ಕೊನೆಗೆ ಕಲಿಸೋಣ, ಪರೀಕ್ಷೆ ಮುಗಿಯಲಿ ಎಂದು ನಾಲ್ಕು ವರ್ಷ ಕಳೆದೆ. ಊರಿನಿಂದ ನನ್ನ ತಾಯಿ ಮೊಬೈಲಿನಲ್ಲಿ ಮೊಮ್ಮಗಳಿಗೆ ಕನ್ನಡದಲ್ಲಿ ನಾಲ್ಕು ಸಾಲು ಕಳಿಸುತ್ತಿದ್ದರು. ಅವಳು ಓಡಿಬಂದು, "ಅಪ್ಪಾ, ಅಜ್ಜಿ ಏನು ಬರೆದಿದ್ದಾರೆ ಓದಿ ಹೇಳು" ಎನ್ನುತ್ತಿದ್ದಳು. ನಾನು ಓದಿ ಹೇಳುತ್ತಿದ್ದೆ. ಒಂದು ದಿನ ಅಜ್ಜಿಗೆ ಈ ಸಂಗತಿ ತಿಳಿಯಿತು. ಆಮೇಲೆ ಅವರು ಬರೆಯುವುದನ್ನು ಬಿಟ್ಟು ಧ್ವನಿ ಮುದ್ರಿಸಿ ಕಳಿಸತೊಡಗಿದರು. ಆಕ್ಷೇಪದ ಒಂದು ಮಾತೂ ಆಡಲಿಲ್ಲ. ಮಾರನೆಯ ಸಂಜೆಯೇ ನಾನು ಸ್ಲೇಟು ತಂದೆ.

ಪಂಪನ ಕಾವ್ಯದಲ್ಲಿ ತಂದೆಯ ಸುಖ ಬಹಳ ಕಾಲ ಬಾಳುವುದಿಲ್ಲ. ನೀಲಾಂಜನೆ ಕುಣಿಯುತ್ತಲೇ ಇಲ್ಲವಾಗುತ್ತಾಳೆ, ವೃಷಭನಾಥನಿಗೆ ಬಾಳಿನ ಮೇಲೆ ವಿರಕ್ತಿ ಹುಟ್ಟುತ್ತದೆ, ಮಕ್ಕಳಿಗೆ ರಾಜ್ಯ ಹಂಚಿ ಅವನು ಹೊರಟುಹೋಗುತ್ತಾನೆ. ಆಮೇಲೆ ಭರತನೂ ಬಾಹುಬಲಿಯೂ ದೃಷ್ಟಿಯಲ್ಲಿ, ಜಲದಲ್ಲಿ, ಮಲ್ಲಯುದ್ಧದಲ್ಲಿ ಎದುರುಬದುರಾಗುತ್ತಾರೆ. ಅಷ್ಟೆಲ್ಲ ಕಲಿಸಿದ ತಂದೆ ಅದನ್ನು ತಡೆಯಲು ಅಲ್ಲಿಲ್ಲ. ಬ್ರಾಹ್ಮಿ ಸುಂದರಿಯರು ರಾಜ್ಯ ಕೇಳಲಿಲ್ಲ, ಜಗಳಕ್ಕೆ ನಿಲ್ಲಲಿಲ್ಲ. ದೀಕ್ಷೆ ವಹಿಸಿ ತಂದೆಯ ಹಾದಿಯಲ್ಲೇ ನಡೆದರು. ರಾಜ್ಯ ಪಡೆದವರು ಬಡಿದಾಡಿದರು, ಅಕ್ಷರ ಪಡೆದವರು ಬಡಿದಾಡಲಿಲ್ಲ ಎಂದು ಇದನ್ನು ನೀತಿಕಥೆ ಮಾಡಬಹುದು; ಆದರೆ ಭರತ ಬಾಹುಬಲಿಯರೂ ಕಲಿತವರೇ ಆಗಿದ್ದರು, ಆದ್ದರಿಂದ ಆ ನೀತಿ ನಿಲ್ಲುವುದಿಲ್ಲ.

ಕಾವ್ಯದಿಂದ ಕವಿಗಳ ಮನೆಗೇ ಬಂದರೆ ಒಂದು ಚಿಕ್ಕ, ಖಚಿತವಾದ ಸಾಕ್ಷ್ಯ ಸಿಗುತ್ತದೆ. ಅದು ರನ್ನನದು. ಮುದುವೊಳಲಿನ, ಎಂದರೆ ಇಂದಿನ ಮುಧೋಳದ, ಬಳೆಗಾರರ ಮನೆಯವನು ರನ್ನ. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಮನೆತನದ ವ್ಯಾಪಾರ ಬಿಟ್ಟು ವಿದ್ಯೆಯನ್ನು ಅರಸಿ ಹೊರಟ ಹುಡುಗ ಮುಂದೆ ಚಾಳುಕ್ಯ ಚಕ್ರವರ್ತಿಯ ಆಸ್ಥಾನದಲ್ಲಿ ಕವಿಚಕ್ರವರ್ತಿ ಎನಿಸಿಕೊಂಡ. ತಾನು ಏನೆಂಬುದನ್ನು ಹೇಳಿಕೊಳ್ಳುವುದರಲ್ಲಿ ಅವನಿಗೆ ಸಂಕೋಚವಿರಲಿಲ್ಲ. ಶ್ರವಣಬೆಳಗೊಳದ ಬಂಡೆಯ ಮೇಲೂ 'ಶ್ರೀ ಕವಿರತ್ನ' ಎಂಬ ಬರಹ ಉಳಿದಿದೆ. ಅಂಥವನು ತನ್ನ ಮಕ್ಕಳಿಗೆ ಇಟ್ಟ ಹೆಸರುಗಳು ಎರಡು: ಮಗ ರಾಯ, ಮಗಳು ಅತ್ತಿಮಬ್ಬೆ. ಮೊದಲನೆಯದು ಚಾವುಂಡರಾಯನ ನೆನಪು, ಎರಡನೆಯದು ದಾನಚಿಂತಾಮಣಿ ಅತ್ತಿಮಬ್ಬೆಯದು. ಆಶ್ರಯದಾತರನ್ನು ಮೆಚ್ಚಿಸುವ ಉಪಾಯ ಎಂದು ಕೆಲವರು ನಕ್ಕುಬಿಡಬಹುದು. ನನಗೆ ಹಾಗೆ ಕಾಣುವುದಿಲ್ಲ. ಮೆಚ್ಚಿಸಲು ಅವನ ಬಳಿ ಕಾವ್ಯವಿತ್ತು, 993ರ ಅಜಿತಪುರಾಣವಿತ್ತು. ಹೆಸರನ್ನು ದಿನಕ್ಕೆ ನೂರು ಸಲ ಕೂಗಬೇಕಾದವನು ಅವನೇ: ಊಟಕ್ಕೆ, ನಿದ್ದೆಗೆ, ಸಿಟ್ಟಿನಲ್ಲಿ, ಮುದ್ದಿನಲ್ಲಿ. ತನಗೆ ಗೊತ್ತಿದ್ದ ಮನುಷ್ಯರಲ್ಲಿ ಯಾರಂತೆ ತನ್ನ ಮಗಳು ಬೆಳೆಯಲಿ ಎಂದು ಅವನು ಬಯಸಿದನೋ ಅವರ ಹೆಸರನ್ನು ಇಟ್ಟ. ಆ ಚಿಕ್ಕ ಅತ್ತಿಮಬ್ಬೆಗೆ ಸಾಹಿತ್ಯಚರಿತ್ರೆಯಲ್ಲಿ ಇರುವುದು ಆ ಹೆಸರಿನಷ್ಟೇ ಜಾಗ.

ದೊಡ್ಡ ಅತ್ತಿಮಬ್ಬೆಯ ಬಾಳನ್ನು ನೋಡಿದರೆ ಆ ಬಯಕೆಯ ತೂಕ ತಿಳಿಯುತ್ತದೆ. ವೆಂಗಿಯ ಕಡೆಯಿಂದ ಬಂದ ಮನೆತನ. ತಂದೆ ಮಲ್ಲಪಯ್ಯ ಪೊನ್ನ ಕವಿಗೆ ಆಶ್ರಯ ಕೊಟ್ಟವನು. ಅವಳನ್ನೂ ತಂಗಿ ಗುಂಡಮಬ್ಬೆಯನ್ನೂ ಚಾಳುಕ್ಯ ಮಂತ್ರಿ ದಲ್ಲಪನ ಮಗ ನಾಗದೇವನಿಗೆ ಕೊಟ್ಟಿದ್ದರು. ನಾಗದೇವ ತೀರಿಕೊಂಡಾಗ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಉಳಿದಳು, ಅವಳಿಗೊಬ್ಬ ಮಗನಿದ್ದ, ಅಣ್ಣಿಗದೇವ. ಆ ಎಳೆಯನನ್ನು ಬೆಳೆಸಲು ಒಬ್ಬರು ಬೇಕಿತ್ತು. ಚಿತೆಗೆ ಹೋಗುವುದು ಪುಣ್ಯವೆಂದು ಊರು ಕೊಂಡಾಡುತ್ತಿದ್ದ ಕಾಲದಲ್ಲಿ ಉಳಿಯುವುದಕ್ಕೆ ಎಷ್ಟು ಧೈರ್ಯ ಬೇಕಾಗಿತ್ತೋ. ಮಗ ಬೆಳೆದ, ದಂಡನಾಯಕನಾದ, ಪಡೆವಳ ತೈಲನೆಂದು ಹೆಸರು ಪಡೆದ. ತಾಯಿ ತನ್ನ ತಂದೆಯ ಕಾಲದಲ್ಲಿ ಹುಟ್ಟಿದ ಪೊನ್ನನ ಶಾಂತಿಪುರಾಣ ಕಾಲನ ಬಾಯಿಗೆ ಬೀಳದಿರಲೆಂದು ಸಾವಿರ ಓಲೆಪ್ರತಿಗಳನ್ನು ಬರೆಯಿಸಿ ಹಂಚಿದಳು. ಅಚ್ಚಿನ ಯಂತ್ರವಿಲ್ಲದ ಕಾಲದ ಸಾವಿರ ಪ್ರತಿ! ಒಂದೊಂದು ಗರಿಯನ್ನೂ ಕಂಠದಿಂದ ಕೊರೆಯಬೇಕು, ಮಸಿ ತುಂಬಬೇಕು, ದಾರ ಪೋಣಿಸಬೇಕು. ಲಕ್ಕುಂಡಿಯಲ್ಲಿ ಅವಳು ಕಟ್ಟಿಸಿದ ಬಸದಿ ಇಂದಿಗೂ ನಿಂತಿದೆ, ಅಲ್ಲಿಯ 1007ರ ಶಾಸನ ಅವಳನ್ನು ಹೊಗಳುತ್ತದೆ. ನನಗೆ ಆ ಬಸದಿಗಿಂತ ಸಾವಿರ ಪ್ರತಿಗಳೇ ದೊಡ್ಡವು ಎನಿಸುತ್ತವೆ. ಒಬ್ಬ ಮಗನನ್ನು ಬೆಳೆಸಿದ ಕೈಯೇ ಮುಂದೆ ಕಾಣದ ಮಕ್ಕಳಿಗೂ ಓದಲು ಪುಸ್ತಕ ಮಾಡಿಟ್ಟಿತು.

ತಂದೆತಾಯಿಯ ಹೆಮ್ಮೆಯನ್ನು ಕಲ್ಲು ನೇರವಾಗಿ ಹೇಳುವುದು ಹೆಚ್ಚಾಗಿ ಮಗು ಇಲ್ಲವಾದ ಮೇಲೆ ಎಂಬುದೂ ನಿಜ. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆ ಹಾಡು ಕುಣಿತಗಳಲ್ಲಿ ನಿಪುಣೆ; ತಂದೆ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜೈನಳು. 1131ರಲ್ಲಿ ಶಾಂತಲೆ ಶಿವಗಂಗೆಯಲ್ಲಿ ತೀರಿಕೊಂಡಳು. ಮಗಳಿಲ್ಲದ ಮೇಲೆ ತಾನಿರಲಾರೆನೆಂದು ತಾಯಿ ಶ್ರವಣಬೆಳಗೊಳಕ್ಕೆ ಬಂದು ಸಂನ್ಯಸನ ವ್ರತದಿಂದ ದೇಹ ಬಿಟ್ಟದ್ದನ್ನು ಅಲ್ಲಿಯ ಶಾಸನ ದಾಖಲಿಸಿದೆ. ಆ ಹುಡುಗಿ ಮೊದಲ ಗೆಜ್ಜೆ ಕಟ್ಟಿದ ದಿನ ಮಾಚಿಕಬ್ಬೆಯ ಮುಖ ಹೇಗಿತ್ತೆಂಬುದನ್ನು ಆ ಸಾವಿನ ಸಾಲುಗಳಿಂದಲೇ ಊಹಿಸಿಕೊಳ್ಳಬೇಕು.

ಸ್ಲೇಟಿನ ಕಥೆ ಮುಗಿಸಿಬಿಡುತ್ತೇನೆ. 'ಅ'ದಿಂದ ಹೊರಟು ಒತ್ತಕ್ಷರದವರೆಗೆ ಬರಲು ನಮಗೆ ಒಂದೂವರೆ ವರ್ಷ ಹಿಡಿಯಿತು. ನಡುವೆ ಎರಡು ಸಲ ಜಗಳವಾಗಿ ನಿಂತುಹೋಗಿತ್ತು. 'ಬ'ಕ್ಕೂ 'ಒ'ಕ್ಕೂ ಅವಳು ಬಹಳ ದಿನ ಹೊಡೆದಾಡಿದಳು. ಕಳೆದ ಬೇಸಿಗೆಯಲ್ಲಿ ರೈಲಿನಲ್ಲಿ ಊರಿಗೆ ಹೊರಟಿದ್ದೆವು. ಸೊಲ್ಲಾಪುರ ದಾಟಿ, ಕಲಬುರಗಿ ದಾಟಿ, ಗಾಡಿ ವಾಡಿ ಜಂಕ್ಷನ್ನಿನಲ್ಲಿ ನಿಂತಿತು. ಅಲ್ಲಿಂದ ಮಳಖೇಡ ದೂರವೇನಲ್ಲ. ಜಿನಸೇನರು, ನೃಪತುಂಗ ಎಂದು ನಾನು ಮನಸ್ಸಿನಲ್ಲೇ ಒಂದು ಸಣ್ಣ ಭಾಷಣ ಸಿದ್ಧಮಾಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅವಳು ಕಿಟಕಿಗೆ ಮೂಗು ಒತ್ತಿ ಹಳದಿ ಫಲಕ ನೋಡಿ, "ವಾ... ಡಿ" ಎಂದು ಓದಿದಳು.

ಎದೆ ತುಂಬಿ ಬಂತು. ಮರುಕ್ಷಣವೇ ಗುಮಾಸ್ತನ ಬುದ್ಧಿ ಎಚ್ಚರವಾಯಿತು. ಫಲಕದಲ್ಲಿ ಹಿಂದಿಯೂ ಇದೆ, ಇಂಗ್ಲಿಷೂ ಇದೆ. "ಯಾವುದರಲ್ಲಿ ಓದಿದೆ ಪುಟ್ಟಿ?" ಎಂದು ಕೇಳಿದೆ.

ಅವಳು ನನ್ನ ಕಡೆ ತಿರುಗಲೂ ಇಲ್ಲ. "ಮೇಲಿಂದು, ಅಪ್ಪಾ" ಎಂದಳು, "ಮೊದಲು ಅದೇ ಅಲ್ವಾ ಇರೋದು." ಮತ್ತೆ ನನ್ನ ಮೊಬೈಲು ಕೇಳಿದಳು. ಅಜ್ಜಿಗೆ ಏನೋ ಬರೆಯಬೇಕಿತ್ತಂತೆ. ನಾನು ಇಣುಕಿದಾಗ ಕೈ ಅಡ್ಡ ಹಿಡಿದು, ನೀನು ಓದಬಾರದು ಎಂದಳು.