ಬಾಸೆಲ್ ಮಿಶನ್ ಸಭೆಗಳಲ್ಲಿ ಕುಟುಂಬವೂ ತರುಣರ ಧರ್ಮಶಿಕ್ಷಣವೂ

ಕನ್ನಡನಾಡಿನ ಬಾಸೆಲ್ ಮಿಶನಿನ ಚರಿತ್ರೆಯೆಂದರೆ ಶಾಲೆ, ಮುದ್ರಾಲಯ, ನಿಘಂಟುಗಳೇ ಬಹುಮಟ್ಟಿಗೆ ನಮ್ಮ ನೆನಪಿಗೆ ಬರುವುವು. ಆ ಸಭೆಗಳ ತರುಣರನ್ನು ಧರ್ಮದಲ್ಲಿ ನೆಲೆಗೊಳಿಸಿದವರು ಯಾರೆಂಬ ಪ್ರಶ್ನೆಯೂ ವಿಚಾರಾರ್ಹವಾದುದು.

ಮಿಶನಿನವರು ಮಂಗಳೂರಿಗೆ ಬಂದುದು 1834ರಲ್ಲಿ. ಅವರಲ್ಲಿ ಅನೇಕರು, 1836ರಲ್ಲಿ ಬಂದ ಹೆರ್ಮನ್ ಮೋಗ್ಲಿಂಗರಂತೆ, ಜರ್ಮನಿಯ ವುರ್ಟೆಂಬರ್ಗ್ ಸೀಮೆಯವರು. ಆ ಸೀಮೆಯ ಭಕ್ತಿಪಂಥದಲ್ಲಿ ಮನೆಯೇ ಮೊದಲ ಪಾಠಶಾಲೆ. ಮನೆಮಂದಿಯನ್ನೆಲ್ಲ ಕೂಡಿಸಿ ಬೈಬಲನ್ನು ಓದಿಸುವುದು ಯಜಮಾನನ ಕರ್ತವ್ಯ. ಆದರೆ ಮಂಗಳೂರಿನಲ್ಲಿ ಮತಾಂತರ ಹೊಂದಿದ ತರುಣನಿಗೆ ಮನೆಯೇ ಇಲ್ಲದಂತಾಗುತ್ತಿತ್ತು. ಸಾರಸ್ವತ ಬ್ರಾಹ್ಮಣರಾದ ಆನಂದರಾವ್ ಕೌಂಡಿನ್ಯರು 1844ರಲ್ಲಿ ದೀಕ್ಷಾಸ್ನಾನ ಹೊಂದಿದಾಗ ಊರೆಲ್ಲ ಕಲಕಿತು. ಅವರ ಪತ್ನಿಯು ಅವರನ್ನು ಅನುಸರಿಸಲಿಲ್ಲ. ಮತಾಂತರ ಹೊಂದಿದವರಲ್ಲಿ ಹೆಚ್ಚಿನವರಾದ ಬಿಲ್ಲವರಲ್ಲಿಯಾದರೋ ಅಳಿಯಸಂತಾನದ ಕಟ್ಟು. ಮನೆತನವು ತಾಯಿಯ ವಂಶವನ್ನು ಹಿಡಿದು ನಡೆಯುವುದು, ಸೋದರಮಾವನ ಮಾತೇ ಅಲ್ಲಿ ಮೇಲು. 1850ರ ಶಾಸನವು ಮತಾಂತರ ಹೊಂದಿದವನ ಆಸ್ತಿಯ ಹಕ್ಕನ್ನು ಕಾಪಾಡಿತು. ಮುಚ್ಚಿದ ಮನೆಯ ಬಾಗಿಲನ್ನು ತೆರೆಯಿಸುವುದು ಅದಕ್ಕೂ ಸಾಧ್ಯವಾಗಲಿಲ್ಲ.

ಈ ಕೊರತೆಯನ್ನು ತುಂಬಲೆಂದೇ ಮಿಶನ್ ತಾನೇ ಮನೆಯಾಯಿತು. ಬಲ್ಮಠದ ಬೋರ್ಡಿಂಗ್ ಶಾಲೆಯಲ್ಲಿ ಮಿಶನರಿಯು ತಂದೆಯ ಸ್ಥಾನದಲ್ಲಿ ನಿಂತನು. ಆದರೆ ಬೋರ್ಡಿಂಗಿನಲ್ಲಿ ಬೆಳೆದ ಹುಡುಗನು ಮುಂದೆ ಜೀವಿಸುವುದೆಲ್ಲಿ? 1851ರ ನೇಯ್ಗೆಯ ಕಾರ್ಖಾನೆಯನ್ನೂ 1865ರ ಹಂಚಿನ ಕಾರ್ಖಾನೆಯನ್ನೂ ಈ ದೃಷ್ಟಿಯಿಂದ ನೋಡತಕ್ಕದ್ದು. ಅವು ಕೂಲಿಯನ್ನು ಕೊಟ್ಟುದಲ್ಲದೆ, ತಂದೆ, ತಾಯಿ, ಮಕ್ಕಳು ಒಂದೇ ಸೂರಿನಡಿಯಲ್ಲಿ ಬಾಳುವ ಹೊಸ ಸಂಸಾರಕ್ಕೆ ಆಧಾರವಾದುವು. ದೃಢೀಕರಣಕ್ಕೆ ಸಿದ್ಧರಾಗುವ ಮಕ್ಕಳಿಗೆ ಉಪದೇಶಿಯು ಪ್ರಶ್ನೋತ್ತರವನ್ನು ಕಲಿಸಿದರೆ, ಅದನ್ನು ದಿನದಿನದ ಪ್ರಾರ್ಥನೆಯಲ್ಲಿ ಬಲಪಡಿಸುವ ಭಾರವು ಮನೆಯದಾಯಿತು.

ಇದರ ಪರೀಕ್ಷೆಯು 1914ರ ಮಹಾಯುದ್ಧದಲ್ಲಿ ನಡೆಯಿತು. ಜರ್ಮನ್ ಮಿಶನರಿಗಳು ಬಂಧಿತರಾಗಿ ದೇಶವನ್ನು ಬಿಡಬೇಕಾಯಿತು. ಕಾರ್ಖಾನೆಗಳು ಪರರ ವಶವಾದುವು. ಪೋಷಿಸಿದ ಕೈ ಹೋದಮೇಲೂ ಸಭೆಗಳು ಚೆದರಲಿಲ್ಲ. 1947ರಲ್ಲಿ ದಕ್ಷಿಣ ಕನ್ನಡದ ಸಭೆಗಳು ದಕ್ಷಿಣ ಭಾರತ ಸಭೆಯಲ್ಲಿ ಸೇರಿಕೊಂಡುವು. ನಾಡಿನ ಉಪದೇಶಿಗಳ ಶ್ರಮವು ಇದಕ್ಕೆ ಒಂದು ಕಾರಣವೆಂಬುದು ನಿಜ. ಆದರೆ ಅಷ್ಟರಲ್ಲಿ ಎರಡು ಮೂರು ತಲೆಮಾರುಗಳಷ್ಟು ಬೇರುಬಿಟ್ಟಿದ್ದ ಮನೆತನಗಳಿಲ್ಲದಿದ್ದರೆ ಆ ಶ್ರಮಕ್ಕೆ ನೆಲೆಯೆಲ್ಲಿರುತ್ತಿತ್ತು? ಯುವಕರನ್ನು ಮನೆಯಿಂದ ಅಗಲಿಸಿ ಮೊದಲಾದ ಕಾರ್ಯವು ಮನೆಯನ್ನು ಕಟ್ಟಿದಮೇಲೆಯೇ ನಿಂತಿತೆಂಬುದು ಈ ಚರಿತ್ರೆಯಿಂದ ತಿಳಿದುಬರುವ ಮುಖ್ಯಾಂಶ.